ಚೀನೀ ಬೇರಿನ ಗುಳಿಗೆಯೂ ವ್ರತಿಕನ ವಿವೇಕವೂ

ದಶಲಕ್ಷಣ ಪರ್ವವು ಸಮೀಪಿಸಿದಂತೆ, ಉಪವಾಸಕ್ಕೆ ದೇಹವನ್ನು ಅಣಿಗೊಳಿಸುವ ಬಲವರ್ಧಕಗಳ ಮಾತು ಮನೆಗಳಲ್ಲಿ ಏಳುವುದುಂಟು. ರಾಯಚೂರು ನಗರದಲ್ಲಷ್ಟೇ ಅಲ್ಲ, ದೇವದುರ್ಗ, ಮಾನ್ವಿಗಳ ಪೇಟೆಯ ಔಷಧದಂಗಡಿಗಳಲ್ಲಿಯೂ ಜೀವಸತ್ತ್ವಗಳೊಡನೆ ಜಿನ್‌ಸೆಂಗ್ ಎಂಬ ಚೀನೀ ಬೇರಿನ ಸಾರವನ್ನು ಸೇರಿಸಿದ ಗುಳಿಗೆಗಳು ದೊರೆಯುತ್ತವೆ. ಬೇರು ಎಂದೊಡನೆ ಶ್ರಾವಕನಿಗೆ ಕಂದಮೂಲದ ಶಂಕೆ ಹುಟ್ಟುವುದು ಸಹಜ. ವಿಚಾರವು ಅಲ್ಲಿಗೇ ನಿಂತರೆ ಮಾತ್ರ ಅರ್ಧವೇ ಆದಂತೆ.

ಜಿನ್‌ಸೆಂಗ್ ಈಶಾನ್ಯ ಚೀನ ಹಾಗೂ ಕೊರಿಯಾಗಳ ತಂಪು ಗುಡ್ಡಗಾಡಿನ ಸಸ್ಯ. ನಾಲ್ಕರಿಂದ ಆರು ವರ್ಷ ಬೆಳೆದ ಗಿಡವನ್ನು ಬುಡಸಹಿತ ಕಿತ್ತು, ಬೇರನ್ನು ಒಣಗಿಸುತ್ತಾರೆ. ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು ಕೆಂಪು ಜಿನ್‌ಸೆಂಗ್. ಬೇರು ಕೈಕಾಲುಗಳುಳ್ಳ ಮನುಷ್ಯನಂತೆ ತೋರುವುದರಿಂದ ಚೀನೀಯರು ಅದಕ್ಕೆ ಮನುಷ್ಯವಾಚಕವಾದ ಹೆಸರನ್ನೇ ಇಟ್ಟರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಫಲ ಅಲ್ಪ, ಘಾತ ಬಹಳ ಎಂಬ ಕಾರಣದಿಂದ ಮೂಲಂಗಿಯನ್ನೂ ಹಸಿಶುಂಠಿಯನ್ನೂ ತ್ಯಾಜ್ಯವೆಂದರು. ಒಣಗಿದ ಶುಂಠಿ, ಅರಿಸಿನಗಳನ್ನು ಬಳಸುವ ರೂಢಿ ಇದೆ. ಒಣಗಿದ ಜಿನ್‌ಸೆಂಗನ್ನೂ ಆ ಸಾಲಿಗೆ ಸೇರಿಸಬಹುದೆಂದು ಕೆಲವರು ವಾದಿಸಿಯಾರು. ಸೇರಿಸಲಿ. ಆದರೆ ಬೇರನ್ನು ಹೊತ್ತ ಕೋಶ ಯಾವುದು? ಮೆತ್ತನೆಯ ಗುಳಿಗೆಯ ಹೊರಕವಚವು ಬಹುಪಾಲು ಜೆಲಟಿನ್. ಅದು ದನ, ಹಂದಿ ಮೊದಲಾದ ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಪದಾರ್ಥ. ಬೇರಿನ ಶುದ್ಧಿಯನ್ನು ಚರ್ಚಿಸುತ್ತ ಮೂಳೆಯ ಸಾರವನ್ನು ನುಂಗುವುದು ಎಂತಹ ವಿಪರ್ಯಾಸ! ಆಹಾರವೆಂದು ಮಾರುವ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕಬಹುದು. ಔಷಧವೆಂದು ಮಾರುವುದಾದರೆ ಘಟಕಗಳ ಪಟ್ಟಿಯನ್ನೇ ಓದಬೇಕು.

ಅದೇ ಗ್ರಂಥದ ಮುಂದಿನ ಮಾತು ಇನ್ನೂ ಮಹತ್ತ್ವದ್ದು. ತನ್ನ ದೇಹಕ್ಕೆ ಅಹಿತವಾದುದು ಅನಿಷ್ಟ. ಹಿಂಸೆಯ ದೋಷವಿಲ್ಲದಿದ್ದರೂ ಅದನ್ನು ಬಿಡತಕ್ಕದ್ದು. ಜಿನ್‌ಸೆಂಗ್ ದಣಿವನ್ನು ಕಳೆಯುವುದೆಂಬ ಖ್ಯಾತಿಗೆ ಆಧಾರ ಇನ್ನೂ ದೃಢವಾಗಿಲ್ಲ. ಅದರಿಂದ ಕೆಲವರಿಗೆ ನಿದ್ರಾಭಂಗ, ತಲೆನೋವು ಆಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಬಲವನ್ನು ಅದು ತಗ್ಗಿಸಬಲ್ಲದು. ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ಈ ಕೊನೆಯದು ವ್ರತಿಕನಿಗೆ ಮುಖ್ಯ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವನು ಏಕಭುಕ್ತದಲ್ಲಿದ್ದು ಈ ಗುಳಿಗೆಯನ್ನೂ ಸೇರಿಸಿದರೆ, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವ ಸಂಭವವಿದೆ.

ಹಾಗಾದರೆ ನಮ್ಮ ನಾಡಿನ ಅಶ್ವಗಂಧ ನಿರಪಾಯವೇ? ಅದೂ ಬೇರೇ, ಹಿರೇಮದ್ದು ಎಂದು ಕನ್ನಡದ ಹೆಸರು. ಚರಕಸಂಹಿತೆ ಅದನ್ನು ಬಲ್ಯ ದ್ರವ್ಯಗಳಲ್ಲಿ ಎಣಿಸಿದೆ. ಆದರೂ ಅದು ಥೈರಾಯ್ಡ್ ಗ್ರಂಥಿಯ ಸ್ರಾವವನ್ನು ಹೆಚ್ಚಿಸಬಲ್ಲದು; ಯಕೃತ್ತಿಗೆ ಹಾನಿಯಾದ ಪ್ರಸಂಗಗಳು ದಾಖಲಾಗಿವೆ; ಗರ್ಭಿಣಿಯರಿಗೆ ಸಲ್ಲದು. 2023ರಲ್ಲಿ ಡೆನ್ಮಾರ್ಕ್ ದೇಶ ಅದನ್ನು ನಿಷೇಧಿಸಿತು. ಸ್ವದೇಶದ್ದೆಂಬ ಅಭಿಮಾನ ಯಕೃತ್ತನ್ನು ಕಾಯದು.

ಉಪವಾಸವೆಂದರೆ ಚತುರ್ವಿಧ ಆಹಾರತ್ಯಾಗ. ಆ ದಿನ ಅಂಜನ, ನಸ್ಯಗಳನ್ನೂ ಆಚಾರ್ಯರು ಬಿಡಹೇಳಿದ್ದಾರೆ. ಬಲವರ್ಧಕದ ಆಸರೆಯಿಂದ ದಿನಗಳನ್ನು ಹೆಚ್ಚಿಸಿಕೊಳ್ಳುವ ತಪಸ್ಸಿಗೂ ಷೋಡಶಕಾರಣ ಭಾವನೆಗಳಲ್ಲಿ ಹೇಳಿದ ಶಕ್ತ್ಯನುಸಾರ ತಪಸ್ಸಿಗೂ ಬಹಳ ಅಂತರವಿದೆ. ದೀರ್ಘರೋಗವುಳ್ಳ ಶ್ರಾವಕ, ಶ್ರಾವಿಕೆಯರು ನಿಯಮ ಹಿಡಿಯುವ ಕೆಲವು ವಾರಗಳ ಮೊದಲೇ, ತಾವು ಸೇವಿಸುವ ಗುಳಿಗೆ, ಚೂರ್ಣಗಳ ಶೀಸೆಗಳನ್ನೆಲ್ಲ ವೈದ್ಯರ ಮುಂದಿಟ್ಟು ಕೇಳಬೇಕು. ವ್ರತದ ನಡುವೆ ಮೈ ಬೆವರಿ, ಕೈ ನಡುಗಿ, ಮಾತು ತೊದಲಿದರೆ ಅದನ್ನು ತಪಸ್ಸಿನ ಬಳಲಿಕೆಯೆಂದು ಬಗೆದು ಮಲಗಿಸಬಾರದು. ಎಚ್ಚರವಿರುವಾಗಲೇ ಸಕ್ಕರೆನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.