ಪಾಂಪೆ ನಗರದ ರಕ್ಷಣೆ

ಇಟಲಿ ದೇಶದ ನೇಪಲ್ಸ್ ನಗರಕ್ಕೆ ಅನತಿದೂರದಲ್ಲಿ, ವಿಸೂವಿಯಸ್ ಪರ್ವತದ ತಪ್ಪಲಿನಲ್ಲಿ, ಪಾಂಪೆ ಎಂಬ ಪುರಾತನ ರೋಮನ್ ಪಟ್ಟಣವಿದೆ. ಕ್ರಿ.ಶ. 79ರಲ್ಲಿ ಆ ಪರ್ವತವು ಬೆಂಕಿಯನ್ನುಗುಳಿತು. ಎರಡು ದಿನಗಳೊಳಗಾಗಿ ಅಂಗಡಿಬೀದಿಗಳು, ಸ್ನಾನಗೃಹಗಳು, ದೇವಾಲಯಗಳು, ಧನಿಕರ ಸೌಧಗಳು, ಬಡವರ ಮನೆಗಳು ಎಲ್ಲವೂ ಹಲವು ಮೀಟರುಗಳಷ್ಟು ದಪ್ಪನಾದ ಬೂದಿ ಹಾಗೂ ಹಗುರಗಲ್ಲುಗಳ ಅಡಿಯಲ್ಲಿ ಹೂತುಹೋದವು. ಪಾರಾಗಲಾರದವರು ಅಲ್ಲಿಯೇ ಅಸುನೀಗಿದರು. ಯಾವ ಬೂದಿಯು ಪಟ್ಟಣದ ಬಾಳನ್ನು ಕೊನೆಗಾಣಿಸಿತೋ ಅದೇ ಬೂದಿಯು ಹದಿನಾರು ಶತಮಾನಗಳಿಗೂ ಮೀರಿದ ಕಾಲ ಅದರ ಗೋಡೆಗಳನ್ನೂ ಅವುಗಳ ಮೇಲಣ ವರ್ಣಚಿತ್ರಗಳನ್ನೂ ಬಿಸಿಲು ಮಳೆಗಳಿಂದ ಕಾಪಾಡಿತು.

1748ರಲ್ಲಿ ಅಲ್ಲಿ ಉತ್ಖನನ ಆರಂಭವಾಯಿತು. ಅರಮನೆಯ ಸಂಗ್ರಹಕ್ಕೆ ಸುಂದರ ವಸ್ತುಗಳನ್ನು ಹೊರತೆಗೆಯುವುದೇ ಆಗಿನವರ ಮುಖ್ಯ ಗುರಿಯಾಗಿತ್ತು. 1863ರಲ್ಲಿ ಅಧಿಕಾರ ವಹಿಸಿಕೊಂಡ ಜುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ತ್ವಜ್ಞರು ಈ ಕಾರ್ಯಕ್ಕೆ ಶಾಸ್ತ್ರೀಯವಾದ ಕ್ರಮವನ್ನು ತಂದರು. ಅವರು ಪಟ್ಟಣವನ್ನು ವಿಭಾಗಗಳಾಗಿ ವಿಂಗಡಿಸಿ, ಪ್ರತಿ ಬಾಗಿಲಿಗೂ ಸಂಖ್ಯೆ ಕೊಟ್ಟರು. ಮೃತರ ದೇಹಗಳು ಕರಗಿಹೋಗಿ ಗಟ್ಟಿಯಾದ ಬೂದಿಯಲ್ಲಿ ಉಳಿದಿದ್ದ ಪೊಳ್ಳುಗಳಿಗೆ ಗಾರೆಯ ದ್ರಾವಣವನ್ನು ಹೊಯ್ದು, ಅವರ ಕೊನೆಯ ಗಳಿಗೆಯ ಭಂಗಿಗಳನ್ನು ಎರಕದಲ್ಲಿ ಪಡೆದರು. ಪ್ರಾಚೀನ ಲೋಕದ ಸಂಪರ್ಕಗಳನ್ನು ತಿಳಿಸುವ ವಸ್ತುಗಳೂ ಇಲ್ಲಿ ದೊರೆತಿವೆ. 1938ರಲ್ಲಿ ಒಂದು ಮನೆಯಲ್ಲಿ ಸಿಕ್ಕಿದ, ಭಾರತದಲ್ಲಿ ಕೆತ್ತಿದ ದಂತದ ಸ್ತ್ರೀಮೂರ್ತಿಯು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಬೂದಿಯ ಹೊದಿಕೆ ಸರಿದೊಡನೆ ಪಟ್ಟಣಕ್ಕೆ ಹೊಸ ಅಪಾಯಗಳು ಎದುರಾದವು. ಮಳೆ ಗೋಡೆಗಳನ್ನು ನೆನೆಸಿತು. ಗಿಡಗಳ ಬೇರು ಬಿರುಕುಗಳಲ್ಲಿ ಇಳಿಯಿತು. ಬಿಸಿಲಿಗೆ ಬಣ್ಣ ಮಾಸಿತು. 1943ರಲ್ಲಿ ಯುದ್ಧದ ಬಾಂಬುಗಳು ಬಿದ್ದವು. 1980ರಲ್ಲಿ ಭೂಕಂಪ ಸಂಭವಿಸಿತು. 1997ರಲ್ಲಿ ಪಾಂಪೆ ವಿಶ್ವಪರಂಪರೆಯ ತಾಣವೆಂದು ಮಾನ್ಯವಾಯಿತಾದರೂ ಬರಿಯ ಗೌರವದಿಂದ ಗೋಡೆಗಳು ನಿಲ್ಲಲಾರವು. 2010ರ ನವೆಂಬರ್ ತಿಂಗಳಿನಲ್ಲಿ, ಮಳೆಗಾಲದ ಒಂದು ಮುಂಜಾನೆ, ‘ಸ್ಕೋಲಾ ಅರ್ಮತುರಾರುಂ’ ಎಂಬ ಕಟ್ಟಡವು ಕುಸಿದುಬಿತ್ತು. ಯುದ್ಧಾನಂತರ ಅದನ್ನು ಉಳಿಸಲೆಂದು ಹೊದಿಸಿದ್ದ ಕಾಂಕ್ರೀಟಿನ ಛಾವಣಿಯೇ ಅದಕ್ಕೆ ಭಾರವಾಗಿತ್ತು.

ಈ ಕುಸಿತವು ಎಲ್ಲರ ಕಣ್ಣು ತೆರೆಸಿತು. ಇಟಲಿ ಸರ್ಕಾರ ಹಾಗೂ ಯೂರೋಪಿಯನ್ ಒಕ್ಕೂಟಗಳು ಸೇರಿ 10 ಕೋಟಿ 50 ಲಕ್ಷ ಯೂರೋಗಳ ‘ಮಹಾ ಪಾಂಪೆ ಯೋಜನೆ’ಯನ್ನು ಕೈಗೊಂಡವು. ಅಗೆಯದೆ ಬಿಟ್ಟಿದ್ದ ಮಣ್ಣಿನ ದಿಬ್ಬಗಳು ನೀರು ಕುಡಿದು ಪಕ್ಕದ ಗೋಡೆಗಳನ್ನು ಒತ್ತುತ್ತಿದ್ದವು. ಅವುಗಳ ಇಳಿಜಾರನ್ನು ತಗ್ಗಿಸಿ, ನೀರು ಹರಿದುಹೋಗಲು ದಾರಿ ಮಾಡಲಾಯಿತು. ಸಡಿಲವಾದ ಗೋಡೆಗಳನ್ನು ಭದ್ರಪಡಿಸಲಾಯಿತು. ಹೀಗೆ ದಿಬ್ಬವನ್ನು ಸರಿಸುವಾಗಲೇ ಬಿಸಿ ತಿನಿಸುಗಳನ್ನು ಮಾರುತ್ತಿದ್ದ ಅಂಗಡಿಯೊಂದು, ಪಾತ್ರೆಗಳಲ್ಲಿ ಉಳಿದ ಆಹಾರದ ಕುರುಹುಗಳೊಡನೆ, ಬೆಳಕಿಗೆ ಬಂದಿತು. 2021ರಲ್ಲಿ ಅದು ಜನರ ದರ್ಶನಕ್ಕೆ ತೆರೆಯಿತು. ಕುಸಿದಿದ್ದ ಸ್ಕೋಲಾ 2019ರಲ್ಲಿಯೇ ಮರಳಿ ತೆರೆದಿತ್ತು.

ದಾಸ್ಯದಿಂದ ಬಿಡುಗಡೆ ಹೊಂದಿ ಸಿರಿವಂತರಾದ ವೆಟ್ಟಿಯೆಂಬ ಮನೆತನದ ಇಬ್ಬರ ಭವನದ ಕತೆಯೂ ಬೋಧಪ್ರದವಾಗಿದೆ. 2002ರಲ್ಲಿ ದುರಸ್ತಿಗೆಂದು ಮುಚ್ಚಿದ ಈ ಮನೆ, ನಡುವೆ ಕೆಲಕಾಲ ಭಾಗಶಃ ತೆರೆದಿದ್ದುದನ್ನುಳಿದರೆ, ಪೂರ್ಣವಾಗಿ ತೆರೆದದ್ದು 2023ರ ಜನವರಿಯಲ್ಲಿ. ಹಿಂದಿನ ರಕ್ಷಕರು ಚಿತ್ರಗಳ ಮೇಲೆ ಬಳಿದಿದ್ದ ಮೇಣವೇ ಅವುಗಳಿಗೆ ಹಾನಿಕರವಾಗಿತ್ತು. ತಜ್ಞರು ಅದನ್ನು ತಾಳ್ಮೆಯಿಂದ ತೆಗೆದು ಬಣ್ಣಗಳಿಗೆ ಕಳೆಯನ್ನು ಮರಳಿಸಿದರು. ಒಳ್ಳೆಯ ಉದ್ದೇಶವೊಂದೇ ಸಾಲದು, ತಿಳಿವಳಿಕೆಯೂ ನಿತ್ಯದ ಆರೈಕೆಯೂ ಬೇಕೆಂಬುದಕ್ಕೆ ಆ ಛಾವಣಿಯೂ ಈ ಮೇಣವೂ ಸಾಕ್ಷಿಗಳು.

ಪ್ರವಾಸಿಗರು ತರುವ ಹಣದಿಂದ ತಾಣದ ಪೋಷಣೆ ಸಾಧ್ಯವಾಗುತ್ತದೆ. ಅವರ ಪಾದಗಳಿಂದಲೇ ಕಲ್ಲು ಸವೆಯುತ್ತದೆ. ಆದುದರಿಂದ 2024ರ ನವೆಂಬರ್ ತಿಂಗಳಿನಿಂದ ದಿನವೊಂದಕ್ಕೆ 20,000 ಮಂದಿಗೆ ಮಾತ್ರ ಪ್ರವೇಶವೆಂಬ ಮಿತಿಯನ್ನು ವಿಧಿಸಲಾಯಿತು. ಪಟ್ಟಣದ ಸುಮಾರು ಮೂರನೆಯ ಒಂದು ಭಾಗ ಇನ್ನೂ ನೆಲದಡಿಯಲ್ಲಿಯೇ ಇದೆ. ಅಗೆಯುವ ಸಾಮರ್ಥ್ಯವಿದ್ದೂ ತಡೆದು ನಿಲ್ಲುವುದು ಸುಲಭವಲ್ಲ. ಆದರೂ ನಮಗಿಂತ ಹೆಚ್ಚು ಬಲ್ಲವರು ಮುಂದೆ ಹುಟ್ಟಿಬರುವರೆಂಬ ನಂಬಿಕೆಯಿಂದ ಅದನ್ನು ಉಳಿಸುವುದು ವಿವೇಕ. ಪೂರ್ವಿಕರ ಸೊತ್ತು ನಮ್ಮ ಕೈಯಲ್ಲಿರುವುದು ಒಡೆತನವಾಗಿ ಅಲ್ಲ, ಒಪ್ಪಿಸಿಹೋಗಬೇಕಾದ ಇಡುಗಂಟಾಗಿ.