ಬೈಕುಲಾದ ಕಲ್ಲಾನೆ

"ವಸ್ತುಸಂಗ್ರಹಾಲಯ ಓದಿದವರಿಗೆ, ನಮಗೇಕೆ?" ಎಂದು ನಮ್ಮಲ್ಲಿ ಹಲವರು ಹೇಳುವುದುಂಟು. ನಾವೂ ಹಾಗೆಂದುಕೊಂಡು ವರ್ಷಗಟ್ಟಲೆ ಬೈಕುಲಾದ ರಾಣಿಬಾಗಿನ ಮುಂದೆ ಸುಮ್ಮನೆ ಹಾದುಹೋದೆವು. "ಒಳಗೇನಿದೆ?" ಎಂದು ಮಗು ಕೇಳಿದಾಗ ಉತ್ತರ ತೋಚದೆ ನಾಚಿಕೊಂಡು ಒಳಹೊಕ್ಕೆವು.

ಅಲ್ಲಿ 1872ರಲ್ಲಿ ತೆರೆದ, ಈಗ ಡಾ. ಭಾವು ದಾಜಿ ಲಾಡ್ ಅವರ ಹೆಸರಿನ ಸಂಗ್ರಹಾಲಯವಿದೆ. ಅದರ ಹೊರಗೆ ದೊಡ್ಡದೊಂದು ಕಲ್ಲಾನೆ ನಿಂತಿದೆ. ಮೊದಲು ಅದಿದ್ದುದು ಘಾರಾಪುರಿ ದ್ವೀಪದಲ್ಲಿ. ಪೋರ್ತುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯಿಂದಲೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು ಆನೆ ಚೂರುಚೂರಾಯಿತು. 1914ರಲ್ಲಿ ಚೂರುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದರು.

ಬಂಧುಗಳೇ, ಎಲ್ಲವನ್ನೂ ಒಂದೇ ದಿನ ನೋಡಬೇಕಿಲ್ಲ. ಒಂದು ಭಾನುವಾರ ಒಂದೇ ವಸ್ತುವಿನ ಮುಂದೆ ನಿಂತು, ಅದರ ಕಥೆಯನ್ನು ಮಕ್ಕಳಿಗೆ ಹೇಳೋಣ. ದುಡಿಯಲು ಬಂದ ಊರು ಹಾಗೆಯೇ ನಮ್ಮದಾಗುತ್ತದೆ.