ಕಡಲಿನಡಿಯಲ್ಲಿ ಉಸಿರು

ವಿಜಯಪುರಕ್ಕೂ ಕಡಲಿಗೂ ಬಹು ದೂರ. ತಿಕೋಟಾ, ಬಬಲೇಶ್ವರದ ಸೀಮೆಯ ಮಕ್ಕಳಿಗೆ ಆಳವಾದ ನೀರೆಂದೊಡನೆ ಮೊದಲು ನೆನಪಾಗುವುದು ಬಾವಿ. ಬೆನ್ನಿಗೆ ಒಣಗಿದ ಈಸುಗುಂಬಳವನ್ನು ಕಟ್ಟಿಕೊಂಡು, ಹಿರಿಯರ ಕಣ್ಣೆದುರಿನಲ್ಲಿ ಬಾವಿಗಿಳಿದು ಈಸು ಕಲಿಯುವುದು ಈ ನಾಡಿನ ಹಳೆಯ ರೂಢಿ. ಬಾವಿಗಳ ವೈಭವವನ್ನು ಕಾಣಬೇಕೆಂದರೆ ವಿಜಯಪುರ ನಗರದಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಬೇಕು. ಈಸು ಕಲಿತ ಹುಡುಗನು ಕ್ರಮೇಣ ಮುಳುಗುವುದನ್ನೂ ಕಲಿಯುತ್ತಾನೆ. ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು, ತಳ ಮುಟ್ಟಿ, ಹಿಡಿ ಮಣ್ಣನ್ನು ತಂದು ಗೆಳೆಯರಿಗೆ ತೋರಿಸುತ್ತಾನೆ. ನೀರಿನೊಳಗೆ ಉಸಿರನ್ನು ಹಿಡಿಯಬೇಕೆಂಬುದು ಬಾವಿ ಅವನಿಗೆ ಕಲಿಸಿದ ಪಾಠ. ಆದರೆ ಕಡಲಿನಡಿಗೆ ಇಳಿಯುವವನು ಮೊಟ್ಟಮೊದಲು ಮರೆಯಬೇಕಾದದ್ದು ಇದೇ ಪಾಠವನ್ನು. ಇದೇಕೆ ಹೀಗೆ?

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಜನವಸತಿಯಿಲ್ಲ. ಕಡಿದಾದ ಬಂಡೆಗಳ ಬುಡದಲ್ಲಿ ಹವಳದ ಜೀವಿಗಳೂ, ಗಿಳಿಮೀನು, ಚಿಟ್ಟೆಮೀನು ಮೊದಲಾದ ಬಣ್ಣಬಣ್ಣದ ಮೀನುಗಳೂ ನೆಲಸಿವೆ. ಇವನ್ನು ಕಾಣಬಯಸುವವರು ಮುರುಡೇಶ್ವರದಲ್ಲಿ ತಂಗಿ, ದೋಣಿಯಲ್ಲಿ ಹೊರಟು, ನೀರಿಗಿಳಿದು, ಅದೇ ದಿನ ದಡಕ್ಕೆ ಮರಳುತ್ತಾರೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಆಗ ಈ ಯಾನ ನಿಲ್ಲುತ್ತದೆ. ಅಂಡಮಾನಿನ ಸ್ವರಾಜ್ ದ್ವೀಪದಂತಹ ಕಡೆಗಳಲ್ಲಿ ದ್ವೀಪದ ಮೇಲೆಯೇ ಸಣ್ಣ ವಸತಿಗೃಹಗಳೂ ಮುಳುಗುಶಿಕ್ಷಣದ ಕೇಂದ್ರಗಳೂ ಇವೆ.

ಈ ಬಗೆಯ ಮುಳುಗುವಿಕೆಗೆ ಸ್ಕೂಬಾ ಎಂದು ಹೆಸರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಇದಕ್ಕೆ ಬೇಕಾದ ಸಾಧನವೊಂದನ್ನು ರೂಪಿಸಿದರು. ಮುಳುಗುವವನ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಇರುತ್ತದೆ. ಇದು ಬರಿಯ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ತುಂಬುವುದು ನಾವು ಉಸಿರಾಡುವ ಗಾಳಿಯನ್ನೇ. ಬಾಯಲ್ಲಿ ಕಚ್ಚಿ ಹಿಡಿದ ನಿಯಂತ್ರಕವು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗಲೆಲ್ಲ ಬೇಕಾದಷ್ಟನ್ನೇ ಒದಗಿಸುತ್ತದೆ.

ಈಗ ಒತ್ತಡದ ಲೆಕ್ಕವನ್ನು ನೋಡೋಣ. ಕಡಲಿನ ಮೇಲ್ಮೈಯಲ್ಲಿ ನಮ್ಮ ಮೇಲೆ ಒಂದು ವಾಯುಮಂಡಲದಷ್ಟು ಒತ್ತಡವಿದೆ. ನೀರಿನೊಳಗೆ ಇಳಿದಂತೆ ಪ್ರತಿ 10 ಮೀಟರಿಗೆ ಅಷ್ಟೇ ಒತ್ತಡ ಸುಮಾರಾಗಿ ಕೂಡುತ್ತಾ ಹೋಗುತ್ತದೆ. 10 ಮೀಟರ್ ಆಳದಲ್ಲಿ ಅದು ಎರಡರಷ್ಟು. 20 ಮೀಟರ್ ಆಳದಲ್ಲಿ ಮೂರರಷ್ಟು. ಉಷ್ಣತೆ ಬದಲಾಗದಿದ್ದರೆ, ಒತ್ತಡ ಇಮ್ಮಡಿಯಾದಾಗ ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ಇದನ್ನು ನಾವು ಬಾಯ್ಲನ ನಿಯಮವೆಂದು ಓದಿದ್ದೇವೆ.

ಬಾವಿಯ ಹುಡುಗನು ಮೇಲಿನ ಗಾಳಿಯನ್ನು ಎದೆಯಲ್ಲಿ ಹೊತ್ತು ಇಳಿಯುತ್ತಾನೆ. ಕೆಳಗೆ ಅದು ಕುಗ್ಗುತ್ತದೆ. ಮೇಲೆ ಬಂದಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಸ್ಕೂಬಾದವನಾದರೋ ಆಳದಲ್ಲಿಯೇ, ಆಳದ ಒತ್ತಡದ ಗಾಳಿಯನ್ನು ಎದೆ ತುಂಬ ಎಳೆಯುತ್ತಾನೆ. 10 ಮೀಟರ್ ಆಳದಲ್ಲಿ ಹೀಗೆ ಉಸಿರು ತುಂಬಿಕೊಂಡವನು ಹೆದರಿ, ಬಾಯಿ ಬಿಗಿದು, ಮೇಲಕ್ಕೆ ಧಾವಿಸಿದನೆನ್ನಿ. ಆ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹವಣಿಸುತ್ತದೆ. ಹೊರಬರಲು ದಾರಿಯಿಲ್ಲದೆ ಶ್ವಾಸಕೋಶವನ್ನೇ ಹರಿಯಬಹುದು. ಕೆಲವೇ ಅಡಿಗಳ ಏರಿಕೆಯಲ್ಲಿಯೂ ಈ ಅಪಾಯವುಂಟು. ಆದುದರಿಂದಲೇ ಎಡೆಬಿಡದೆ ಉಸಿರಾಡುತ್ತಿರಬೇಕೆಂಬುದು ಈ ವಿದ್ಯೆಯ ಮೊದಲನೆಯ ನಿಯಮ.

ಮೇಲೇರುವಾಗ ಅವಸರ ಮಾಡಬಾರದೆಂಬುದು ಎರಡನೆಯ ನಿಯಮ. ಆಳದಲ್ಲಿ ಗಾಳಿಯ ಸಾರಜನಕವು ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದೊಡನೆ ಗುಳ್ಳೆಗಳು ಉಕ್ಕುವಂತೆ, ಒತ್ತಡ ಒಮ್ಮೆಗೇ ಇಳಿದರೆ ಸಾರಜನಕವೂ ದೇಹದೊಳಗೆ ಗುಳ್ಳೆಗಟ್ಟಿ ಕೀಲುಗಳನ್ನೂ ನರಗಳನ್ನೂ ಬಾಧಿಸಬಹುದು. ಆದ್ದರಿಂದ ನಿಧಾನವಾಗಿ ಏರಿ, ಸುಮಾರು 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಿ ಮೇಲೆ ಬರುವುದು ವಾಡಿಕೆ. ಜೊತೆಗಾರನನ್ನು ಬಿಟ್ಟು ಹೋಗಬಾರದೆಂಬುದು ಮೂರನೆಯದು. ನೀರಿನಲ್ಲಿ ಮಾತಿಗೆ ಎಡೆಯಿಲ್ಲವಾಗಿ ಕೈಸನ್ನೆಯೇ ಭಾಷೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಿದರೆ ಕ್ಷೇಮವೆಂದು ಅರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ಮೇಲಕ್ಕೆ ಹೋಗೋಣವೆಂದು ಅರ್ಥ. ನೆಲದ ಅಭ್ಯಾಸದಂತೆ ಮೆಚ್ಚುಗೆಯಿಂದ ಹೆಬ್ಬೆರಳೆತ್ತಿದವನನ್ನು ಜೊತೆಗಾರನು ಮೇಲಕ್ಕೆ ಕರೆದೊಯ್ದಾನು!

ಕಡಲಿನ ಜೀವಿಗಳ ಕ್ಷೇಮವನ್ನೂ ಮುಳುಗುವವನು ಕಾಯಬೇಕು. ನೋಡಲು ಕಲ್ಲಿನಂತಿರುವ ಹವಳವನ್ನು ಕಟ್ಟುವವು ಅತಿ ಸಣ್ಣ ಪ್ರಾಣಿಗಳು. ಹಲವು ಜಾತಿಯ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯಲಾರವು. ಅಜಾಗರೂಕನೊಬ್ಬನ ಕಾಲು ತಗುಲಿದರೆ ಅನೇಕ ವರ್ಷಗಳ ಬೆಳವಣಿಗೆ ಗಳಿಗೆಯಲ್ಲಿ ಮುರಿಯುತ್ತದೆ. ಅದಕ್ಕಾಗಿಯೇ ಮುಟ್ಟದೆ, ಕೀಳದೆ, ಕೇವಲ ನೋಡಿ ಬರಬೇಕೆಂದು ಶಿಕ್ಷಕರು ಮೊದಲೇ ತಿಳಿಸುತ್ತಾರೆ.

ಈಸು ಬಾರದವರನ್ನೂ ಶಿಕ್ಷಕರು ಜೊತೆಯಲ್ಲಿದ್ದು ಸ್ವಲ್ಪ ಆಳಕ್ಕೆ ಕರೆದೊಯ್ಯುವುದುಂಟು. ಬಾವಿಯಲ್ಲಿ ನುರಿತವನಿಗೆ ನೀರಿನ ಭಯ ಕಡಿಮೆ. ಆದರೆ ಆ ಧೈರ್ಯದಿಂದಲೇ ಅವನು ಶಿಕ್ಷಕರ ಮಾತನ್ನು ಹಗುರವಾಗಿ ಎಣಿಸಬಾರದು. ಒಂದೆಡೆ ನಮ್ಮನ್ನು ಕಾಪಾಡಿದ ಅಭ್ಯಾಸವು ಇನ್ನೊಂದೆಡೆ ಪ್ರಾಣಕ್ಕೆ ಎರವಾಗಬಹುದು. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ನೇತ್ರಾಣಿಯ ನೀರಿಗಿಳಿದರೆ, ಊರಿನ ಬಾವಿ ಕೊಟ್ಟ ಧೈರ್ಯವನ್ನು ಜೊತೆಗೊಯ್ಯಿರಿ. ಉಸಿರನ್ನು ಮಾತ್ರ ಬಿಗಿಹಿಡಿಯದಿರಿ.